ಗಾಬರಿ ಸಣ್ಣೀರಪ್ಪನ ಕಡ್ಡಿಪೆಟ್ಟಿಗೆ

ಅರಸೀಕೆರೆಯಲ್ಲಿ ನಮ್ಮ ಕಂಪನಿ ಡೇರೆ ಹಾಕಿದ್ದು
ಕೊಬ್ಬರಿ ಮಂಡಿಯ ಹಿಂದಿನ ಬಯಲಿನಲ್ಲಿ.
ನೂರಾ ಹನ್ನೊಂದು ಆಟ, ಅದೇ ನಾಟಕ, ಅದೇ ಮಾತು.
ನಾನು ಪರದೆಯ ಪಕ್ಕ, ತೊಡೆಯ ಮೇಲೆ ಪುಸ್ತಕ,
ಕೈಯಲ್ಲಿ ಬ್ಯಾಟರಿ, ಮರೆತವರಿಗೆ ಮಾತು ಎತ್ತಿಕೊಡುವವನು.
ಜೊತೆಗೆ ಇನ್ನೊಂದು ಕೆಲಸ, ಸಂಬಳವಿಲ್ಲದ್ದು:
ಎರಡನೇ ಅಂಕದಲ್ಲಿ ಪಟಾಕಿ ಹಚ್ಚುವುದು.

ಆ ಪಟಾಕಿ ಗಾಬರಿ ಸಣ್ಣೀರಪ್ಪನಿಗೆ.
ಗೋಡೆಬರಹದಲ್ಲಿ ರಾಜನಿಗಿಂತ ದೊಡ್ಡಕ್ಷರ ಅವನಿಗೆ.
ಪುಕ್ಕಲು ಸಿಪಾಯಿಯ ಪಾತ್ರ: ಮರದ ಕೋವಿ,
ಮೀನಖಂಡದಿಂದ ಜಾರಿದ ಪಟ್ಟಿ,
ಅಂಟಿಸಿದ ಮೀಸೆ ಒಂದು ಮೇಲೆ ಒಂದು ಕೆಳಗೆ.
ಢಂ ಅಂದರೆ ಕೋವಿ ಬಿಸಾಡಿ
ರಾಣಿಯ ಸೆರಗಿನಡಿ ತೂರಬೇಕು,
ಜನ ಬೆಂಚಿನಿಂದ ಬೀಳಬೇಕು.
ಬೀಳುತ್ತಿದ್ದರು. ಬಾಣಾವರದಿಂದ, ಗಂಡಸಿಯಿಂದ
ಗಾಡಿ ಕಟ್ಟಿಕೊಂಡು ಬಂದು ಬೀಳುತ್ತಿದ್ದರು.

ಅವನ ನಿಜದ ಮೀಸೆಯನ್ನು ಕಂಪನಿಗೆ ಸೇರಿದ ದಿನವೇ ಬೋಳಿಸಿದ್ದ.
ಟ್ರಂಕಿನ ತಳದಲ್ಲಿ ಇಸ್ತ್ರಿ ಮಾಡಿದ ಹಸಿರು ಅಂಗಿ,
ಪೆಪ್ಪರಮೆಂಟಿನ ಡಬ್ಬಿಯೊಳಗೆ ಎರಡು ಪದಕ.
ಹದಿನೈದು ವರ್ಷ ದಂಡಿನಲ್ಲಿದ್ದನಂತೆ. ಯಾವ ಗಡಿ, ಯಾವ ಯುದ್ಧ
ಅಂತ ಕೇಳಿದರೆ "ಚಳಿ ಕಣ್ರೋ, ಬರೀ ಚಳಿ" ಅಂದು
ಹಲ್ಲು ಕಟಕಟ ಕಡಿದು ನಗಿಸಿಬಿಡುತ್ತಿದ್ದ.
ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ಮಿಲಿಟರಿ ಕ್ಯಾಂಟೀನಿನ ರಮ್ಮು ತಂದು
ರಾಜನಿಗೂ ಮಂತ್ರಿಗೂ ತಬಲದವನಿಗೂ ಹಂಚುತ್ತಿದ್ದ.
ತಾನು ಕುಡಿಯುತ್ತಿರಲಿಲ್ಲ. ಸೇದುತ್ತಲೂ ಇರಲಿಲ್ಲ.

ಕತ್ತಲಲ್ಲಿ ಕೂತವನಿಗೆ ಕಾಣುವುದೇ ಬೇರೆ.
ಢಂ ಅಂದಾಗ ಅವನು ನಡುಗುತ್ತಿದ್ದುದು ನಟನೆ,
ಅಳತೆಯದು, ತಾಳಕ್ಕೆ ಸರಿಯಾಗಿ.
ಅದಕ್ಕೂ ಮೊದಲು, ನಾನು ಕಡ್ಡಿ ಗೀರಿದಾಗ,
ಜನಕ್ಕೆ ಕೇಳದ ಆ ಚರ್ ಸದ್ದಿಗೆ
ಅವನ ಎಡಗೈ ಒಂದು ಸಲ
ಏನನ್ನೋ ಮುಚ್ಚಲು ಹೋದ ಹಾಗೆ ಎದ್ದು, ಇಳಿಯುತ್ತಿತ್ತು.
ಆ ಕೈ ಪುಸ್ತಕದಲ್ಲಿ ಇರಲಿಲ್ಲ.

ನಲವತ್ತು ಆಟ ನೋಡಿದೆ. ನಲವತ್ತೊಂದನೆಯದಕ್ಕೆ
ಬೀಡಿ ಅಂಗಡಿ ಕರಿಬಸಮ್ಮನ ಹತ್ತಿರ
ತೆಂಗಿನ ನಾರಿನ ಹಗ್ಗ ಒಂದು ಮೊಳ ಕೇಳಿ ತಂದೆ.
ಸದ್ದಿಲ್ಲದೆ ಉರಿಯುವಂಥದು; ಕಂಬಕ್ಕೆ ನೇತುಹಾಕಿದರೆ
ಬೆಳಗಿನ ಮೊದಲ ರೈಲಿನವರೆಗೂ ಕೆಂಡ ಇರುತ್ತದೆ.
ಅದನ್ನೇ ಬತ್ತಿಗೆ ಮುಟ್ಟಿಸಿದೆ. ಢಂ.

ಅವನು ಕೋವಿ ಬಿಸಾಡಿದ. ಸೆರಗಿನಡಿ ತೂರಿದ.
ಎಲ್ಲ ಪುಸ್ತಕದಲ್ಲಿ ಇದ್ದಂತೆ.
ಜನ ನಗಲಿಲ್ಲ.
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಜಂಕ್ಷನ್ನಿನಲ್ಲಿ
ಗೂಡ್ಸು ಗಾಡಿ ಇಂಜಿನ್ನು ಬದಲಿಸುವುದು ಕೇಳಿಸಿತು.
ಮಾರನೆಯ ದಿನವೂ ಅಷ್ಟೆ. ಮಾಲೀಕರು
ಗಲ್ಲಾಪೆಟ್ಟಿಗೆ ಅಲ್ಲಾಡಿಸಿ ನೋಡಿದರು.

ಮೂರನೆಯ ರಾತ್ರಿ ಬಣ್ಣ ಒರೆಸುತ್ತಾ ಕನ್ನಡಿಯೊಳಗಿಂದ ಕೇಳಿದ:
"ಹಗ್ಗ ತಂದೋನು ನೀನೇನಾ?"
ಹೂಂ ಅಂದೆ.
ಬಹಳ ಹೊತ್ತು ಕೊಬ್ಬರಿ ಎಣ್ಣೆ ಕೆನ್ನೆಗೆ ತಿಕ್ಕಿದ.
ಆಮೇಲೆ ಹೇಳಿದ್ದು ಇಷ್ಟೆ, ಅದೂ ಸಿಪಾಯಿ ಪಾತ್ರದ ಕೀಚಲು ದನಿಯಲ್ಲೇ:
"ಬೀಡಿ ನಂದು, ಕಡ್ಡಿ ನಂದು,
ಬಾಯಿ ಮಾತ್ರ ಅವನದು. ನರಗುಂದದ ಹುಡುಗ.
ಅಷ್ಟು ಬೆಳಕು ಸಾಕಾಯ್ತು ಎದುರುಗಡೆಯೋರಿಗೆ."

ಹಗ್ಗದ ತುದಿಯನ್ನು ಮಣ್ಣಿಗೆ ಒತ್ತಿದೆ.
ಅವನು ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು,
ತಾನೇ ದುಡ್ಡು ಕೊಟ್ಟು ಕೊಂಡದ್ದು, ಚೀಟಿ ಇನ್ನೂ ಹರಿದಿರಲಿಲ್ಲ,
ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.
"ನಾಳೆಯಿಂದ ಇದು. ನಗು ಬರ್ಬೇಕಲ್ಲ.
ನೆನೆಸಿಬಿಟ್ಟೀಯ."

ಗೀರಿದೆ. ಡೇರೆ ಕೀಳುವ ದಿನದವರೆಗೂ ಗೀರಿದೆ.

ಈಗ ಆ ಪಾತ್ರ ಬೇರೆಯವರದು. ಪುಸ್ತಕದ ಅಂಚಿನಲ್ಲಿ
ನಾನು ಪೆನ್ಸಿಲಿನಲ್ಲಿ ಬರೆದದ್ದು ಉಳಿದಿದೆ: ಇಲ್ಲಿ ಎಡಗೈ.
ಎಷ್ಟು ಎತ್ತಬೇಕು, ಯಾಕೆ, ಅಂತ ಹೊಸ ಹುಡುಗ ಕೇಳುತ್ತಾನೆ.
ಎರಡನೆಯದಕ್ಕೆ ಉತ್ತರ ಕೊಡುವುದಿಲ್ಲ.
ಮೊದಲನೆಯದಕ್ಕೆ, ಗಾಳಿಯಲ್ಲಿ
ಇನ್ನೊಬ್ಬನ ಬೀಡಿಗೆ ಅಡ್ಡ ಹಿಡಿಯುವಷ್ಟು ಅನ್ನುತ್ತೇನೆ.